ರೆಕಾರ್ಡ್ ಮಾಡುವಾಗಲೇ ಕೈ ತಪ್ಪುವುದೇಕೆ?

ಪ್ರಶ್ನೆ: ಪಿಯಾನೋ ಕಲಿಯಲು ಶುರುಮಾಡಿ ಒಂದು ವರ್ಷವಾಯಿತು. ಜಿ ಮೇಜರ್ ಮಿನುಯೆಟ್ (ಹಳೆಯ ನೃತ್ಯದ ಧಾಟಿಯ ಕೃತಿ) ಪೂರ್ತಿ, ಬೀಥೋವನ್‌ನ ‘ಫ್ಯೂರ್ ಎಲೀಸ್’ ಮೊದಲ ಭಾಗ ಬರುತ್ತದೆ. ನೆಂಟರಿಗೆ ಕಳಿಸೋಣವೆಂದು ರೆಕಾರ್ಡ್ ಮಾಡಿದರೆ ನಡುವೆ ನಿಂತುಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ತಪ್ಪಿದಾಗಲೆಲ್ಲ ಮೊದಲಿಂದ ನುಡಿಸುವುದೇ ಇದಕ್ಕೆ ಮುಖ್ಯ ಕಾರಣ. ಆರಂಭ ಮಾತ್ರ ಗಟ್ಟಿಯಾಗುತ್ತದೆ. ಮಿನುಯೆಟ್‌ನಲ್ಲಿರುವುದು 32 ಬಾರ್ (ತಾಳದ ಆವರ್ತದಂಥ ತುಂಡುಗಳು). ಮೊದಲು 25ನೇ ಬಾರ್‌ನಿಂದ ಕೊನೆಯವರೆಗೆ, ಆಮೇಲೆ 17ರಿಂದ, 9ರಿಂದ, ಹೀಗೆ ಹಿಂದಿನಿಂದ ಕಟ್ಟಿಕೊಂಡು ಬನ್ನಿ. ಎಲ್ಲಿ ತಪ್ಪಿದರೂ ಮುಂದಿನ ತುಂಡಿಗೆ ಹಾರಬಹುದು. ಎಡಗೈ ಒಂದನ್ನೇ ಪುಸ್ತಕ ನೋಡದೆ ನುಡಿಸಿ; ಮರೆವು ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ಮೆಟ್ರೊನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕಿಟ್ಟು, ಸತತ ಮೂರು ಸಲ ಸರಿಬಂದರೆ 4 ಏರಿಸಿ.

(ಈ ಮಿನುಯೆಟ್ ಜರ್ಮನ್ ಸಂಗೀತಕಾರ ಬಾಖ್‌ನದೆಂದು ಈಗಲೂ ಅಚ್ಚಾಗುತ್ತಿದೆ. ಬರೆದವನು ಕ್ರಿಸ್ಟಿಯಾನ್ ಪೆಟ್ಸೋಲ್ಡ್. ಕಳಿಸುವಾಗ ಆ ಹೆಸರು ಹಾಕಿ.)

‘ಫ್ಯೂರ್ ಎಲೀಸ್’ ಆರಂಭದ ಇ–ಡಿ ಶಾರ್ಪ್ ಸ್ವರಗಳ ಓಡಾಟಕ್ಕೆ ಪೆಡಲ್ (ಸ್ವರ ಉಳಿಸುವ ಕಾಲುಮೆಟ್ಟು) ಬೇಡ. ಎಡಗೈ ಬಂದಾಗ ಒತ್ತಿ, ಕಾರ್ಡ್ (ಸ್ವರಗುಚ್ಛ) ಬದಲಾದೊಡನೆ ಬಿಟ್ಟು ಮತ್ತೆ ಒತ್ತಿ. ಇಲ್ಲದಿದ್ದರೆ ಎ ಮೈನರ್ ಮೇಲೆ ಇ ಮೇಜರ್ ಕಲಸಿಹೋಗುತ್ತದೆ. ವೇಗವನ್ನು ಮುಂದಿನ ಎಫ್ ಮೇಜರ್ ಭಾಗ ನೋಡಿ ಗೊತ್ತುಮಾಡಿ. ಅಲ್ಲಿ ದುಪ್ಪಟ್ಟು ವೇಗದ ಸ್ವರಗಳು ಬರುತ್ತವೆ.

ಫೋನನ್ನು ಪಿಯಾನೋ ಮೇಲಿಡಬೇಡಿ, ಕೀಗಳ ಕುಟ್ಟಾಟವೇ ದೊಡ್ಡದಾಗಿ ಕೇಳುತ್ತದೆ.