ರಿಸ್ಟೋರ್‌ಗೆ ಮುನ್ನ ಇನ್ನೊಂದು ದನಿ ಸಿದ್ಧವಿರಲಿ

ಪ್ರಶ್ನೆ: ಹೊಸ ಡ್ರೈವರ್ ಹಾಕಿದಾಗಿನಿಂದ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆಗುತ್ತಿದೆ. ನನಗೆ ಕಣ್ಣು ಕಾಣುವುದಿಲ್ಲ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಳಸುತ್ತೇನೆ. ಒಬ್ಬನೇ ಸಿಸ್ಟಮ್ ರಿಸ್ಟೋರ್ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ರಿಸ್ಟೋರ್ ನಿಮ್ಮ ದಾಖಲೆ, ಫೋಟೊಗಳನ್ನು ಮುಟ್ಟುವುದಿಲ್ಲ. ಪ್ರೋಗ್ರಾಮ್, ಡ್ರೈವರ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಇವನ್ನು ಹಳೆಯ ಸ್ಥಿತಿಗೆ ಒಯ್ಯುತ್ತದೆ. ತೊಡಕಿರುವುದು ಅಲ್ಲೇ. ಎನ್‌ವಿಡಿಎ ಕೂಡ ಒಂದು ಪ್ರೋಗ್ರಾಮು. ನೀವು ಆರಿಸಿದ ದಿನಾಂಕದ ನಂತರ ಅದನ್ನು ಅಪ್‌ಡೇಟ್ ಮಾಡಿದ್ದರೆ ಆಮೇಲೆ ಅದು ಶುರುವಾಗದೇ ಹೋಗಬಹುದು. ಹಾಗಾಗಿ ಮೊದಲು ಎನ್‌ವಿಡಿಎ+ಎನ್ (ಎನ್‌ವಿಡಿಎ ಕೀಲಿ ಎಂದರೆ ಸಾಮಾನ್ಯವಾಗಿ ಇನ್ಸರ್ಟ್) ಒತ್ತಿ, ಟೂಲ್ಸ್ ಮೆನುವಿನಿಂದ, ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಕಾಪಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಸುರಕ್ಷಿತ ಪರದೆಯಲ್ಲಿ ಮಾತ್ರ ಪೋರ್ಟಬಲ್ ಕಾಪಿ ಮಾತಾಡದು. ಅಲ್ಲಿಗೆ ಕಂಟ್ರೋಲ್+ವಿಂಡೋಸ್+ಎಂಟರ್ ಒತ್ತಿ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್ ಕರೆಯಿರಿ.

ಚಾರ್ಜರ್ ಸಿಕ್ಕಿಸಿ. ವಿಂಡೋಸ್+ಆರ್ ಒತ್ತಿ, ಆರ್-ಎಸ್-ಟಿ-ಆರ್-ಯು-ಐ ಎಂದು ಟೈಪಿಸಿ ಎಂಟರ್ ಕೊಡಿ. ಆಲ್ಟ್+ಎನ್ ಒತ್ತಿದರೆ ಮುಂದಿನ ಪುಟ. ಪಟ್ಟಿಯಲ್ಲಿ ಬಾಣದ ಕೀಲಿಯಿಂದ, ಡ್ರೈವರ್ ಹಾಕುವುದಕ್ಕೆ ಮುಂಚಿನ ದಿನಾಂಕ ಹುಡುಕಿ. ಟ್ಯಾಬ್ ಒತ್ತುತ್ತಾ ಹೋದರೆ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಸಿಗುತ್ತದೆ. ಇದನ್ನು ಬಿಡಬೇಡಿ, ಯಾವುದು ಅಳಿಯುತ್ತದೆ ಎಂಬುದು ತಿಳಿಯುವುದು ಇಲ್ಲೇ. ವಿವರಣೆಯ ಸಾಲುಗಳಿಗೆ ಟ್ಯಾಬ್ ಹೋಗುವುದಿಲ್ಲ, ಎನ್‌ವಿಡಿಎ+ಬಿ ಒತ್ತಿ ಇಡೀ ಕಿಟಕಿ ಓದಿಸಿ.

ಫಿನಿಶ್ ಒತ್ತಿ, ಎಚ್ಚರಿಕೆಗೆ ‘ಯೆಸ್’ ಕೊಟ್ಟ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪೂರ್ತಿ ಮೌನವಾಗುತ್ತದೆ. ಆ ಹಂತದಲ್ಲಿ ಯಾವ ಸ್ಕ್ರೀನ್ ರೀಡರೂ ಓಡುತ್ತಿರುವುದಿಲ್ಲ. ಕೆಟ್ಟುಹೋಯಿತೆಂದು ಪವರ್ ಬಟನ್ ಒತ್ತಿದರೆ ವಿಂಡೋಸ್ಸೇ ಏಳದಂತಾದೀತು. ದಯವಿಟ್ಟು ಕಾಯಿರಿ, ಅರ್ಧ ಗಂಟೆ ದಾಟಿದರೂ ಗಾಬರಿ ಬೇಡ.

ಪ್ರಶ್ನೆ: ರಿಸ್ಟೋರ್ ಮುಗಿದಿದೆ, ಎನ್‌ವಿಡಿಎ ಮಾತಾಡುತ್ತಿಲ್ಲ. ನರೇಟರ್ ಕೂಡ ಇಲ್ಲ. ಏನು ಮಾಡಲಿ?

ಉತ್ತರ: ಎರಡೂ ಸುಮ್ಮನಿದ್ದರೆ ದೋಷ ಬಹುತೇಕ ಆಡಿಯೊ ಡ್ರೈವರ್‌ನದು. ಯುಎಸ್‌ಬಿ ಹೆಡ್‌ಸೆಟ್ ಚುಚ್ಚಿ ನೋಡಿ. ಅದು ವಿಂಡೋಸ್‌ನೊಳಗೇ ಇರುವ ಡ್ರೈವರ್‌ನಿಂದ ನಡೆಯುತ್ತದೆ. ದನಿ ಬಂದ ಕೂಡಲೇ ಆಡಿಯೊ ಡ್ರೈವರ್ ಮತ್ತೆ ಹಾಕಿ. ಅದೂ ಸರಿಹೋಗದಿದ್ದರೆ ಅದೇ ರಿಸ್ಟೋರ್ ಕಿಟಕಿ ತೆರೆಯಿರಿ, ‘ಅನ್‌ಡೂ ಸಿಸ್ಟಮ್ ರಿಸ್ಟೋರ್’ ಆಯ್ಕೆ ಇರುತ್ತದೆ. ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ವಿಂಡೋಸ್ ಸ್ಥಿತಿ) ಮಾಡಿದ ರಿಸ್ಟೋರ್‌ಗೆ ಮಾತ್ರ ಈ ಸೌಲಭ್ಯವಿಲ್ಲ.