ಎವೆಲಿನ್ ಪ್ರೀರ್ ಯಾರು? ಅಮೆರಿಕದ ಕಪ್ಪುಜನರ ಸಿನಿಮಾದಲ್ಲಿ ಆಕೆಗೆ ಅಷ್ಟು ದೊಡ್ಡ ಸ್ಥಾನ ಏಕೆ?

ಹಾಲಿವುಡ್‌ನಲ್ಲಿ ಕಪ್ಪು ನಟಿಯರಿಗೆ ಮನೆಕೆಲಸದವಳ ಪಾತ್ರ ಸಿಕ್ಕರೇ ಜಾಸ್ತಿ ಅನ್ನುವ ಕಾಲದಲ್ಲಿ ಎವೆಲಿನ್ ನಾಯಕಿಯಾಗಿದ್ದರು. ಅದಕ್ಕೇ ಆ ಸ್ಥಾನ.

ಹುಟ್ಟಿದ್ದು 1896ರಲ್ಲಿ, ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಷಿಕಾಗೋದಲ್ಲಿ. ಆಸ್ಕರ್ ಮಿಶೋ ಎಂಬ ಕಪ್ಪು ನಿರ್ದೇಶಕ ಸ್ವಂತವಾಗಿ ಹಣ ಹೊಂದಿಸಿ ಚಿತ್ರ ಮಾಡುತ್ತಿದ್ದರು. ಅವರ ಮೊದಲ ಚಿತ್ರ ‘ದಿ ಹೋಮ್‌ಸ್ಟೆಡರ್’ (1919) ಎವೆಲಿನ್‌ಗೂ ಮೊದಲನೆಯದು. ಅದರ ಪ್ರತಿ ಇಂದು ಉಳಿದಿಲ್ಲ, ದೊಡ್ಡ ನಷ್ಟ.

ಉಳಿದಿರುವುದರಲ್ಲಿ ತಪ್ಪದೆ ನೋಡಬೇಕಾದ್ದು ‘ವಿದಿನ್ ಅವರ್ ಗೇಟ್ಸ್’ (1920). ಕಪ್ಪು ಮಕ್ಕಳ ಬಡ ಶಾಲೆಗೆ ಹಣ ಕೂಡಿಸಲು ಅಮೆರಿಕದ ಉತ್ತರ ಭಾಗಕ್ಕೆ ಹೋಗುವ ಟೀಚರ್ ಸಿಲ್ವಿಯಾ ಆಕೆಯ ಪಾತ್ರ. ಬಿಳಿಯರ ಗುಂಪು ಕಪ್ಪು ಕುಟುಂಬವನ್ನು ಕೊಲ್ಲುವುದನ್ನು ಚಿತ್ರ ನೇರವಾಗಿ ತೋರಿಸುತ್ತದೆ. ಆಗ ಅದಕ್ಕೆಷ್ಟು ಧೈರ್ಯ ಬೇಕಿತ್ತು, ಅಲ್ವಾ? ದಶಕಗಳ ಕಾಲ ಕಳೆದುಹೋಗಿದ್ದ ಇದರ ಪ್ರತಿ ಕೊನೆಗೆ ಸ್ಪೇನ್‌ನಲ್ಲಿ ಸಿಕ್ಕಿತು.

ಜೊತೆಗೆ ಲಫಯೆಟ್ ಪ್ಲೇಯರ್ಸ್ ನಾಟಕ ತಂಡ, ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇಯ ನಾಟಕ ‘ಲುಲು ಬೆಲ್’ (1926), ಹಾಡಿನ ರೆಕಾರ್ಡುಗಳು. ಮಗಳು ಹುಟ್ಟಿದ ವರ್ಷವೇ, 1932ರ ನವೆಂಬರ್‌ನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು ಬರೀ 36.