ಏಳು ಜನ ಸಾಕು

ಓದುಗರ ಪತ್ರ:

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ಬಿ.ಎಸ್ಸಿ. ಎರಡನೇ ವರ್ಷ. ಕಾಲೇಜಿನಲ್ಲಿ ಪಠ್ಯದ ಹೊರಗೆ ಓದುವವರು ನನಗೆ ಯಾರೂ ಸಿಗಲಿಲ್ಲ. ಹೋದ ವರ್ಷ ವಾಟ್ಸಾಪ್‌ನಲ್ಲಿ ಬೇರೆ ಬೇರೆ ಊರಿನ ಆರು ಜನ ಸಿಕ್ಕರು. ಕರಾವಳಿಯ ಕಾದಂಬರಿಯೊಂದನ್ನು ಒಟ್ಟಿಗೆ ಓದುವಾಗ ಬೆಟ್ಟು, ಮಜಲು ಎಂಬ ಪದಗಳು ಬಂದವು. ಕಾರ್ಕಳದ ಅಕ್ಕ ಒಬ್ಬರು ಬಿಡಿಸಿ ಹೇಳಿದ ಮೇಲೆ ಆ ಅಧ್ಯಾಯವನ್ನು ಮತ್ತೆ ಓದಿದೆ, ಬೇರೆಯೇ ಕಂಡಿತು. ಈಗ ನಮ್ಮ ಗುಂಪಿನಲ್ಲಿ 160 ಜನ. ವರ್ಷಕ್ಕೆ 52 ಪುಸ್ತಕ ಮುಗಿಸಬೇಕೆಂಬ ಗುರಿ. ನನ್ನದು 11 ಆಗಿದೆ, ಹೇಳಿಕೊಳ್ಳಲು ನಾಚಿಕೆ. ದಿನವೂ ಪಿಡಿಎಫ್‌ಗಳು ಬಂದು ಬೀಳುತ್ತವೆ, ಪುಸ್ತಕದ ಮಾತು ನಿಂತೇಹೋಗಿದೆ. ನಮ್ಮೂರಿನ ಹಿರಿಯರೊಬ್ಬರು ಫೋನಿನ ಓದು ಓದೇ ಅಲ್ಲ ಅಂದರು. ಅವ್ವ 'ರಾತ್ರಿ ಒಂಬತ್ತಕ್ಕ ಯಾರ ಜೋಡಿ ಮಾತು?' ಅಂತಾಳೆ. ನಾನು ಗುಂಪು ಬಿಡಲೇ?
(ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಬಿಡಬೇಡಿ. ಆದರೆ ಆ 160 ಜನರ ನಡುವೆ ಕುಳಿತು ಓದಲಿಕ್ಕೂ ಹೋಗಬೇಡಿ. ಅದನ್ನು ವಾರದ ಸಂತೆಯ ಹಾಗೆ ಇಟ್ಟುಕೊಳ್ಳಿ. ಹೊಸದಾಗಿ ಯಾವ ಪುಸ್ತಕ ಬಂತು, ಎಲ್ಲಿ ರಿಯಾಯಿತಿ ಇದೆ, ಅಷ್ಟು ತಿಳಿಯಲಿಕ್ಕೆ ಅದು ಸಾಕು. ಓದುವುದಕ್ಕೆ ಮೊದಲಿನ ಆ ಏಳು ಜನ ಮತ್ತೆ ಬೇರೆಯಾಗಿ ಕೂಡಿ.

ನಿಮ್ಮೂರಿನ ಹಿರಿಯರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಪರದೆಯ ಮೇಲೆ ಓದುವಾಗ ನಡುವೆ ಒಂದು ಸಂದೇಶ ಬಂದರೆ ಕಣ್ಣು ಅತ್ತ ಹೋಗುತ್ತದೆ, ಮರಳಿ ಬಂದಾಗ ಸಾಲು ಸಿಗುವುದಿಲ್ಲ. ಆದರೆ ನೀವು ಮಾಡಿದ್ದು ಪುಸ್ತಕ ಕೈಯಲ್ಲಿ ಹಿಡಿದು, ಇನ್ನೊಬ್ಬರ ದನಿಯನ್ನು ಫೋನಿನಲ್ಲಿ ಕೇಳುವ ಕೆಲಸ. ಅದು ಕನ್ನಡಿಗರ ಹಳೆಯ ಓದಿನ ರೀತಿಯೇ. ಮೂಲೆಯಲ್ಲಿ ಒಬ್ಬರೇ ಕುಳಿತು ಸದ್ದಿಲ್ಲದೆ ಕಣ್ಣಾಡಿಸುವುದು ನಮ್ಮಲ್ಲಿ ಈಚೆಗೆ ಬಂದ ರೂಢಿ. ಅದಕ್ಕೆ ಮುಂಚೆ ಓದು ಎಂದರೆ ಒಬ್ಬರು ಓದುವುದು, ಹತ್ತು ಮಂದಿ ಕೇಳುವುದು. ಮಳೆ ಬಾರದಿದ್ದರೆ ಗುಡಿಯ ಮುಂದೆ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರಲ್ಲ, ಅಲ್ಲಿ ಕೂತವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಪದ್ಯಗಳು ಅವರ ಬಾಯಲ್ಲಿದ್ದವು.

ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕದ ಏರ್ಪಾಟನ್ನೇ ನೋಡಿ. ಒಬ್ಬರು ವಾಚನಕ್ಕೆ, ಇನ್ನೊಬ್ಬರು ವ್ಯಾಖ್ಯಾನಕ್ಕೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿಗೆ 23, ಅದರಲ್ಲಿ ಕೊನೆಯದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಆ ಗುರುವಿನ ಮೇಲೆ ದನಿ ನಿಲ್ಲುತ್ತದೆ. ಕಿವಿ ಕೇಳಿದ್ದನ್ನು ಮನಸ್ಸು ಹಿಡಿದುಕೊಳ್ಳಲು ಸಿಗುವ ಜಾಗ ಅದು. ಒಟ್ಟಿಗೆ ಓದುವವರಿಗೆ ಇಂಥ ನಿಲುಗಡೆಗಳು ಬೇಕೇ ಬೇಕು. ದಿನಕ್ಕೆ ಹತ್ತು ಪಿಡಿಎಫ್ ಬರುವ ಕಡೆ ನಿಲುಗಡೆ ಎಲ್ಲಿಂದ ಬರಬೇಕು?

ಕಾರ್ಕಳದ ಅಕ್ಕ ನಿಮಗೆ ಹೇಳಿದ್ದನ್ನು ಉಳಿದ ಓದುಗರಿಗಾಗಿ ಇಲ್ಲಿ ಬಿಡಿಸಿಡುತ್ತೇನೆ. ತುಳುನಾಡಿನಲ್ಲಿ ಗದ್ದೆ ಮೂರು ಬಗೆ. ಎತ್ತರದಲ್ಲಿರುವುದು ಬೆಟ್ಟು, ಮಳೆಯನ್ನೇ ನಂಬಿ ಏಣೆಲು ಎಂಬ ಒಂದೇ ಬೆಳೆ. ನಡುವಿನದು ಮಜಲು, ಏಣೆಲಿನ ಮೇಲೆ ಸುಗ್ಗಿ ಬೆಳೆಯೂ ಬರುತ್ತದೆ. ತಗ್ಗಿನಲ್ಲಿ, ತೋಡಿನ ನೀರು ಸಿಗುವ ಕಡೆ ಇರುವುದು ಬಯಲು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯವರೆಗೂ ತೆಗೆಯಬಹುದು. ಈಗ ಕಥೆಯಲ್ಲೊಬ್ಬ ತಂದೆ ಹಿರಿಯ ಮಗನಿಗೆ ಎರಡು ಮುಡಿ (ಅಲ್ಲಿಯ ಗದ್ದೆಯ ಅಳತೆ) ಬಯಲು, ಕಿರಿಯನಿಗೆ ಎರಡು ಮುಡಿ ಬೆಟ್ಟು ಕೊಟ್ಟ ಅಂದುಕೊಳ್ಳಿ. ಹಾವೇರಿಯ ಎರೆಹೊಲ ನೋಡಿ ಬೆಳೆದವರಿಗೆ ಅದು ಸಮಪಾಲಾಗಿಯೇ ಕಾಣುತ್ತದೆ. ಕಿರಿಯನ ಹೆಂಡತಿ ಆ ರಾತ್ರಿ ಯಾಕೆ ಉಣ್ಣದೆ ಮಲಗಿದಳು ಎಂದು ಲೇಖಕ ಹೇಳುವುದಿಲ್ಲ, ಯಾಕೆಂದರೆ ತನ್ನ ಸೀಮೆಯ ಓದುಗರಿಗೆ ಅದನ್ನು ಹೇಳಬೇಕಾಗಿಲ್ಲ. ಕಾರ್ಕಳದವರೊಬ್ಬರು ಪಕ್ಕದಲ್ಲಿದ್ದರೆ ನೀವೂ ಆ ಸೀಮೆಯ ಓದುಗರಾಗುತ್ತೀರಿ. ನಿಮಗೆ ಹೀಗೆ ತೆರೆದುಕೊಂಡದ್ದು 52ರಲ್ಲಿ ಒಂದು ಪುಸ್ತಕ ಎಂದು ಲೆಕ್ಕಕ್ಕೆ ಸೇರಿ ಹೋಗಬೇಕೆ?

ಲೆಕ್ಕದ ಬಗ್ಗೆ ಒಂದು ಮಾತು ಒಪ್ಪುತ್ತೇನೆ. ಓದು ಪೂರ್ತಿ ಬಿಟ್ಟುಹೋದವರಿಗೆ ಮೊದಲ ಎರಡು ತಿಂಗಳು ಎಣಿಕೆ ಸಹಾಯಕ್ಕೆ ಬರುತ್ತದೆ. ಆಮೇಲೆ ಅದು ಆಯ್ಕೆಯನ್ನೇ ಕೆಡಿಸುತ್ತದೆ. ವಾರಕ್ಕೊಂದು ಪುಸ್ತಕ ಎಂದಾಗ 200 ಪುಟದ ಪುಸ್ತಕಕ್ಕೆ ದಿನಕ್ಕೆ 30 ಪುಟ ಓದಬೇಕು. ಒಂದು ವಾರ ಪರೀಕ್ಷೆ, ಮುಂದಿನ ವಾರ ಮನೆಯಲ್ಲಿ ಮದುವೆ. ಅಲ್ಲಿಗೆ 400 ಪುಟ ಹಿಂದೆ ಬಿದ್ದಿರಿ. ಆ ಬಾಕಿ ತೀರಿಸಲು ತೆಳು ಪುಸ್ತಕ ಹುಡುಕುತ್ತೀರಿ. ಕನ್ನಡದ ದೊಡ್ಡ ಕಾದಂಬರಿಗಳು, ಆರುನೂರು ಏಳುನೂರು ಪುಟದವು, ನಿಮ್ಮ ವಯಸ್ಸಿನಲ್ಲೇ ಓದಬೇಕಾದವು, ಕಪಾಟಿನಲ್ಲೇ ಉಳಿಯುತ್ತವೆ. ನಿಮ್ಮ ಹನ್ನೊಂದಕ್ಕೆ ನಾಚಿಕೆಪಡಬೇಡಿ. ಒಂದು ಅಧ್ಯಾಯವನ್ನು ಎರಡು ಸಲ ಓದಿದೆ ಎಂದು ಬರೆದಿರಲ್ಲ, ಪತ್ರದ ಆ ಸಾಲು ನನಗೆ ಬಹಳ ಹಿಡಿಸಿತು.

ಈಗ ಕೆಲಸದ ವಿಷಯ. ಬಳಗದಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಇಬ್ಬರು ತಪ್ಪಿಸಿಕೊಂಡ ದಿನ ಕೂಟವೇ ಇಲ್ಲ. ಎಂಟು ದಾಟಿದರೆ ಒಬ್ಬಿಬ್ಬರು ಸುಮ್ಮನೆ ಕೇಳುವವರಾಗುತ್ತಾರೆ, ಮೂರನೇ ವಾರಕ್ಕೆ ಬರುವುದನ್ನೇ ಬಿಡುತ್ತಾರೆ. ಏಳು ಸರಿಯಾದ ಸಂಖ್ಯೆ. ವಾರಕ್ಕೊಂದು ದಿನ, ಅದೇ ಹೊತ್ತು, ಒಂದು ಗಂಟೆ. ಎಲ್ಲರಿಗೂ ಅನುಕೂಲವಾದ ದಿನವನ್ನು ಪ್ರತಿ ವಾರ ಕೇಳುತ್ತ ಕೂತರೆ ಬಳಗ ತಿಂಗಳೊಳಗೆ ಚದುರುತ್ತದೆ.

ಮೊದಲ ಐದು ನಿಮಿಷ ಹಿಂದಿನ ವಾರ ಎಲ್ಲಿಗೆ ನಿಂತಿತ್ತು ಎಂಬುದು. ನಂತರ ನಲವತ್ತು ನಿಮಿಷ ಗಟ್ಟಿಯಾಗಿ ಓದು, ಇಬ್ಬರು ಇಪ್ಪತ್ತಿಪ್ಪತ್ತು ನಿಮಿಷದಂತೆ. ಇಪ್ಪತ್ತು ದಾಟಿದರೆ ಗಂಟಲು ಒಣಗುತ್ತದೆ, ದನಿ ಏರಿಳಿತ ಕಳೆದುಕೊಳ್ಳುತ್ತದೆ, ಫೋನಿನಲ್ಲಂತೂ ಅದು ಬೇಗ ಗೊತ್ತಾಗುತ್ತದೆ. ಕೊನೆಯ ಹದಿನೈದು ನಿಮಿಷ ಮಾತು. ಡೆಮಿ 1/8 ಆಕಾರದ (ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಅಳತೆಯ) ಒಂದು ಪುಟವನ್ನು ಅವಸರವಿಲ್ಲದೆ ಗಟ್ಟಿಯಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಬೇಕು. ಅಂದರೆ ವಾರಕ್ಕೆ 16ರಿಂದ 20 ಪುಟ. 180 ಪುಟದ ಕಾದಂಬರಿಗೆ ಒಂಬತ್ತರಿಂದ ಹನ್ನೆರಡು ವಾರ. ನಿಮ್ಮ ಒಂದು ಸೆಮಿಸ್ಟರಿನೊಳಗೆ ಒಂದು ಪುಸ್ತಕ ಕೂರುತ್ತದೆ. ಮೊದಲ ಸಲಕ್ಕೆ ಇದಕ್ಕಿಂತ ದಪ್ಪದ್ದನ್ನು ಎತ್ತಿಕೊಳ್ಳಬೇಡಿ.

ವಿಡಿಯೊ ಬೇಡ, ದನಿ ಸಾಕು. ಡೇಟಾ ಉಳಿಯುತ್ತದೆ, ಕಣ್ಣು ಪುಸ್ತಕದ ಮೇಲಿರುತ್ತದೆ. ಓದುವವರ ಹೊರತು ಎಲ್ಲರೂ ಮ್ಯೂಟ್‌ನಲ್ಲಿರಲಿ. ಒಬ್ಬರ ಮನೆಯ ಕುಕ್ಕರ್ ಕೂಗಿದರೆ ಏಳೂ ಮನೆಗೆ ಕೇಳುತ್ತದೆ. ಕೇಳುವವರು ಸಾಲಿನ ಕೆಳಗೆ ಬೆರಳಿಟ್ಟುಕೊಂಡಿರಬೇಕು. ಕರೆಂಟು ಹೋಗಿ ವೈಫೈ ನಿಂತು ಓದುವವರ ದನಿ ತುಂಡಾದರೆ, ಸರದಿಯಲ್ಲಿ ಮುಂದಿನವರು ಅದೇ ಸಾಲಿನಿಂದ ಎತ್ತಿಕೊಳ್ಳಬೇಕಲ್ಲ. ತಿಳಿಯದ ಪದಕ್ಕೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಕೊನೆಗೆ ಕೇಳಿ. ನಡುವೆ ಕೇಳಿದರೆ ಕಥೆಯ ಓಟ ಮುರಿಯುತ್ತದೆ.

ಪುಟಸಂಖ್ಯೆ ನಂಬಿ ಕೂಡ ಮೋಸಹೋಗಬೇಡಿ. ಹಳೆಯ ಮುದ್ರಣ ಕ್ರೌನ್ ಎಂಬ ಚಿಕ್ಕ ಆಕಾರದಲ್ಲಿದ್ದು ಹೊಸದು ಡೆಮಿಯಾಗಿದ್ದರೆ ನಿಮ್ಮ 64ನೇ ಪುಟ ಇನ್ನೊಬ್ಬರ 81 ಆಗಿರುತ್ತದೆ. ಅಧ್ಯಾಯದ ಸಂಖ್ಯೆ ಮತ್ತು ಆ ಪರಿಚ್ಛೇದದ ಮೊದಲ ನಾಲ್ಕು ಪದ ಹೇಳಿಕೊಳ್ಳಿ.

ಪುಸ್ತಕದ ಆಯ್ಕೆಗೆ ಮತ ಹಾಕಬೇಡಿ. ಮತ ಹಾಕಿದರೆ ಹೆಚ್ಚು ಮಾತಾಡುವವರ ರುಚಿಯೇ ಪ್ರತಿ ಸಲ ಗೆಲ್ಲುತ್ತದೆ. ಸರದಿ ಇರಲಿ: ಈ ಸಲ ಕಾರ್ಕಳ ಆರಿಸಿದರೆ ಮುಂದಿನ ಸಲ ಹಾವೇರಿ. ಆರಿಸಿದವರೇ ಆ ಪುಸ್ತಕಕ್ಕೆ ವ್ಯಾಖ್ಯಾನಕಾರರು. ಐವತ್ತು ಪುಟ ಕಳೆದರೂ ನಾಲ್ಕು ಜನಕ್ಕೆ ರುಚಿಸದಿದ್ದರೆ ಕೈಬಿಡಿ, ಬೇಸರ ಬೇಡ. ಬಳಗಗಳು ಸಾಮಾನ್ಯವಾಗಿ ಸೋಲುವುದು ಪುಸ್ತಕದ ನಡುಭಾಗದಲ್ಲಿ, ನಾಲ್ಕು ಐದನೇ ವಾರಕ್ಕೆ. ಆರಂಭದ ಹುರುಪು ಇಳಿದಿರುತ್ತದೆ, ಕೊನೆಯ ಕುತೂಹಲ ಇನ್ನೂ ಹುಟ್ಟಿರುವುದಿಲ್ಲ. ಒಂದು ವಾರ ತಪ್ಪಿಸಿಕೊಂಡವರು 'ನನಗೆ ಕಥೆ ಬಿಟ್ಟುಹೋಯಿತು' ಎಂದು ಮತ್ತೆ ಬರುವುದಿಲ್ಲ. ಅವರಿಗೆ ಅರ್ಧ ಪುಟ ಬರೆದು ಕಳಿಸಿ. ಒಂಬತ್ತು ನಿಮಿಷದ ಧ್ವನಿ ಸಂದೇಶ ಕಳಿಸಬೇಡಿ, ಅದನ್ನು ಯಾರೂ ಕೇಳುವುದಿಲ್ಲ.

ಏಳರಲ್ಲಿ ಒಬ್ಬರ ಹತ್ತಿರ ನಿಘಂಟು ಇರಲಿ. ಕಿಟ್ಟೆಲರ 1894ರ ನಿಘಂಟು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಯಾವುದಾದರೂ ಸರಿ. ಪರಿಷತ್ತಿನ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ಪತ್ರಿಕೆಯ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ವರ್ಷಗಟ್ಟಲೆ ಉತ್ತರ ಬರೆದರು. ಒಂದು ಪದದ ಮುಂದೆ ನಿಂತು ಕೇಳುವ ಓದುಗರು ಇದ್ದರು, ಅದಕ್ಕೇ ಅಂಥ ಅಂಕಣವೂ ಬಾಳಿತು.

ಪಿಡಿಎಫ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ನೀವು ಕಳಿಸುವವರಲ್ಲ, ಆದರೆ ತೆಗೆದುಕೊಂಡು ಸುಮ್ಮನಿದ್ದೀರಿ. ನಮ್ಮಲ್ಲಿ ಕಾದಂಬರಿಯೊಂದು ಸಾವಿರ ಪ್ರತಿ ಅಚ್ಚಾದರೆ ಪ್ರಕಾಶಕರು ಧೈರ್ಯ ಮಾಡಿದರು ಎನ್ನಬೇಕಾದ ಕಾಲ ಇದು. 200 ರೂಪಾಯಿ ಪುಸ್ತಕದಲ್ಲಿ ಲೇಖಕರ ಪಾಲು ಸಾಮಾನ್ಯವಾಗಿ ಶೇ. 10, ಅಂದರೆ 20 ರೂಪಾಯಿ. 160 ಜನರ ಗುಂಪಿಗೆ ಒಂದು ಪಿಡಿಎಫ್ ಬಿದ್ದರೆ ಎಷ್ಟು ಪ್ರತಿಯ ಅನ್ನ ಹೋಯಿತು, ನೀವೇ ಗುಣಿಸಿ. ಭಾರತದ ಕಾನೂನಿನಲ್ಲಿ ಕೃತಿಯ ಹಕ್ಕು ಲೇಖಕರ ಜೀವಮಾನಕ್ಕೂ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಕ್ಕೂ ಇರುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳರ ವಯಸ್ಸಿಗೆ ತೀರಿಕೊಂಡರು. ಅವರ ಕಥೆಗಳು ಈಗ ಎಲ್ಲರ ಸ್ವತ್ತು. ದುಡ್ಡಿಲ್ಲದ ತಿಂಗಳು ಅಂಥವರನ್ನು ಓದಿ, ಮುಕ್ತವಾಗಿ ಹಂಚಿಕೊಳ್ಳಿ. ಇಂದು ಬದುಕಿ ಬರೆಯುತ್ತಿರುವವರದನ್ನು ಕೊಂಡು ಓದಿ.

ಕೊಳ್ಳುವುದೂ ಕಷ್ಟವಾಗಬೇಕಿಲ್ಲ. ಪ್ರಕಾಶಕರಿಗೆ ನೇರ ಫೋನ್ ಮಾಡಿ ಏಳು ಪ್ರತಿ ಬೇಕೆಂದರೆ ಸಾಮಾನ್ಯವಾಗಿ ರಿಯಾಯಿತಿ ಸಿಗುತ್ತದೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಸಣ್ಣ ಪ್ರಕಾಶಕರ ಬೆನ್ನುಮೂಳೆಗೇ ಪೆಟ್ಟು ಬಿತ್ತು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂದಿದೆ: 300 ಗ್ರಾಮಿಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. 180 ಪುಟದ ಕಾದಂಬರಿ ಸಾಮಾನ್ಯವಾಗಿ 300 ಗ್ರಾಮಿನೊಳಗೇ ತೂಗುತ್ತದೆ. ಕೌಂಟರಿನಲ್ಲಿ ನೀವಾಗಿ ಹೆಸರು ಹಿಡಿದು ಕೇಳಿ, ಕೇಳದಿದ್ದರೆ ಪಾರ್ಸೆಲ್ ದರ ಹಾಕಿಬಿಡುವುದುಂಟು. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಓದುಗರನ್ನು ಹುಡುಕಿದ ಜಿಲ್ಲೆ ನಿಮ್ಮದು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು ಮನೆಮನೆಗೆ ಪುಸ್ತಕ ಮುಟ್ಟಿಸಿತು. ಓದುಗರು ತಾವಾಗಿ ಬಂದಾರು ಎಂದು ಅವರಾರೂ ಕೈಕಟ್ಟಿ ಕೂರಲಿಲ್ಲ.

ಇನ್ನು ಗ್ರಂಥಾಲಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆಯವರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಇದೆ. ಆ ದುಡ್ಡನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಳ್ಳುವ ಸ್ಥಳೀಯ ಸಂಸ್ಥೆಗಳಿವೆ, ಇದು ಹಳೆಯ ದೂರು. ಓದುವ ಕೋಣೆಯ ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯವರಿಂದ ತುಂಬಿರುತ್ತವೆ. ಅವರ ಕಷ್ಟ ಅವರಿಗೆ, ಅಲ್ಲಿ ಗಟ್ಟಿಯಾಗಿ ಓದಲಾಗದು. ಆದರೂ ಸದಸ್ಯರಾಗಿ, ಬೇಕಾದ ಪುಸ್ತಕದ ಹೆಸರನ್ನು ಲಿಖಿತವಾಗಿ ಕೊಡಿ, ಏಳೂ ಜನ ಅವರವರ ಊರಿನಲ್ಲಿ ಕೊಡಿ. ಕೇಳುವವರೇ ಇಲ್ಲ ಎಂಬ ಸಬೂಬು ಗ್ರಂಥಾಲಯದವರ ಕೈಗೆ ಸಿಗಬಾರದು.

ಕೊನೆಗೆ ಅವ್ವನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಣೆಯ ಬಾಗಿಲು ಹಾಕಿದರೆ ಯಾವ ತಾಯಿಯೂ ಕೇಳುತ್ತಾಳೆ. ಮುಂದಿನ ಕೂಟಕ್ಕೆ ಪಡಸಾಲೆಯಲ್ಲಿ ಕೂಡಿ, ಫೋನನ್ನು ಸ್ಪೀಕರಿಗೆ ಹಾಕಿ, ಅವ್ವ ಕಾಳು ಹಸನು ಮಾಡುವ ಕಡೆಯೇ ಇಡಿ. ನಿಮ್ಮ ಸರದಿ ಬಂದಾಗ ಉತ್ತರ ಕರ್ನಾಟಕದ ಕಾದಂಬರಿ ಆರಿಸಿ. ಅದರಲ್ಲಿ ಹಗೇವು ಬಂದೇ ಬರುತ್ತದೆ. ಜೋಳ ತುಂಬಿ ಬಾಯಿ ಮುಚ್ಚಿದ ಆ ನೆಲದೊಳಗಿನ ಕಣಜಕ್ಕೆ ತೆರೆದ ಕೂಡಲೇ ಯಾಕೆ ಇಳಿಯಬಾರದು, ಮೊದಲು ಯಾಕೆ ಕಂದೀಲು ಇಳಿಬಿಟ್ಟು ನೋಡುತ್ತಾರೆ, ಕಂದೀಲು ಆರಿದರೆ ಯಾಕೆ ಎಲ್ಲರೂ ಹಿಂದೆ ಸರಿಯುತ್ತಾರೆ, ಇದು ಕಾರ್ಕಳದವರಿಗೆ ತಿಳಿಯದು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿರುತ್ತದೆ ಎಂದು ನಿಮ್ಮ ಬಿ.ಎಸ್ಸಿ. ಹೇಳೀತು. ಹಗೇವು ತೆಗೆದ ದಿನ ಮನೆ ಹೇಗಿರುತ್ತಿತ್ತು ಎಂಬುದನ್ನು ಮಾತ್ರ ಅವ್ವನನ್ನೇ ಕೇಳಿ, ಆಗ ಫೋನು ಮ್ಯೂಟ್‌ನಲ್ಲಿರದಂತೆ ನೋಡಿಕೊಳ್ಳಿ.